ಅಣುಯುದ್ಧದ ಸಾಧ್ಯತೆಯನ್ನು ನಾಯಕರ ಮುಖ ನೋಡಿ ಅಳೆಯಬಹುದೇ?

ಈಗಿನ ನಾಯಕರ ಸ್ವಭಾವ ನೋಡಿದರೆ ಅಣುಯುದ್ಧ ಆಗೋ ಸಾಧ್ಯತೆ ನೂರಕ್ಕೆ ಎಷ್ಟು ಅಂತ ಕೇಳಿದ್ದೀರಿ. ನಾನೂ ಮೊದಲು ಹೀಗೇ ಲೆಕ್ಕ ಹಾಕುತ್ತಿದ್ದೆ: ಯಾರು ಮುಂಗೋಪಿ, ಯಾರು ತಾಳ್ಮೆಯವರು, ಅದಕ್ಕಿಷ್ಟು ಅಂಕ. ಆ ಲೆಕ್ಕ ಬುಡದಲ್ಲೇ ತಪ್ಪು. ಅಣ್ವಸ್ತ್ರ ಹಾರಿಸೋ ಗುಂಡಿ ಒಂದೇ, ಅದರ ಮೇಲಿರೋ ಬೆರಳೂ ಒಂದೇ ಅಂದುಕೊಂಡಿದ್ದೆ.

1962ರ ಅಕ್ಟೋಬರ್ 27ನ್ನು ನೋಡಿ. ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಇಟ್ಟ ಅಣು ಕ್ಷಿಪಣಿಗಳ ಬಗ್ಗೆ ಅಮೆರಿಕದ ಜೊತೆ ಜಟಾಪಟಿ ನಡೆದಿತ್ತು. ಆ ಹೊತ್ತಿಗೆ ಅಮೆರಿಕದ ಅಧ್ಯಕ್ಷ ಕೆನಡಿ, ಸೋವಿಯತ್ ನಾಯಕ ಕ್ರುಶ್ಚೇವ್ ಇಬ್ಬರೂ ಹಿಂದೆ ಸರಿಯೋ ದಾರಿ ಹುಡುಕುತ್ತಿದ್ದರು. ನನ್ನ ಹಳೇ ಲೆಕ್ಕದಲ್ಲಿ ಅವತ್ತು ಅಪಾಯ ಇಳಿಯಬೇಕಿತ್ತು. ಆದರೆ ಕ್ಯೂಬಾದಲ್ಲಿದ್ದ ಸೋವಿಯತ್ ಅಧಿಕಾರಿಗಳು ಮಾಸ್ಕೋದ ಅಪ್ಪಣೆಗೆ ಕಾಯದೆ ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ಹೊಡೆದುರುಳಿಸಿದರು. ಅದೇ ದಿನ ಇನ್ನೊಂದು ಯು-2 ದಾರಿ ತಪ್ಪಿ ಸೋವಿಯತ್ ಗಡಿಯೊಳಕ್ಕೆ ಹೋಯಿತು. ಅತ್ತ ಸಮುದ್ರದಡಿ ಸೋವಿಯತ್‌ನ ಬಿ-59 ಜಲಾಂತರ್ಗಾಮಿಯ ಬ್ಯಾಟರಿ ಇಳಿದಿತ್ತು, ಒಳಗೆ ಸೆಖೆ 45 ಡಿಗ್ರಿ ಮುಟ್ಟಿತ್ತು, ಮಾಸ್ಕೋದ ಸಂಪರ್ಕ ಕಡಿದಿತ್ತು. ಮೇಲಕ್ಕೆ ಬರಲಿ ಅಂತ ಅಮೆರಿಕದ ಹಡಗುಗಳು ಸಣ್ಣ ಸಿಡಿಗುಂಡು ಎಸೆಯುತ್ತಿದ್ದವು. ಜಲಾಂತರ್ಗಾಮಿಯಲ್ಲಿ ಅಣು ಸಿಡಿತಲೆಯ ಟಾರ್ಪಿಡೊ (ನೀರೊಳಗೆ ಸಾಗಿ ಹಡಗಿಗೆ ಬಡಿಯೋ ಅಸ್ತ್ರ) ಇದೆ ಅಂತ ಎಸೆದವರಿಗೆ ಗೊತ್ತಿಲ್ಲ, ಇದು ಬರೀ ಸೂಚನೆ ಅಂತ ಒಳಗಿದ್ದವರಿಗೆ ಗೊತ್ತಿಲ್ಲ. ವಸಿಲಿ ಆರ್ಖಿಪೊವ್ ಎಂಬ ಅಧಿಕಾರಿ ಆ ಟಾರ್ಪಿಡೊ ಹಾರಿಸದಂತೆ ಕ್ಯಾಪ್ಟನ್‌ನನ್ನು ತಡೆದರು ಅನ್ನೋದು ಜೊತೆಗಿದ್ದವರ ನೆನಪು. ಈ ಮೂರರಲ್ಲಿ ಒಂದೂ ನಾಯಕರ ಹಿಡಿತದಲ್ಲಿ ಇರಲಿಲ್ಲ.

ಹಾಗಂತ ನಾಯಕ ಲೆಕ್ಕಕ್ಕಿಲ್ಲ ಅಂತಲ್ಲ. ಯು-2 ಬಿದ್ದ ಮೇಲೂ ಕೆನಡಿ ತಿರುಗಿ ಹೊಡೆಸಲಿಲ್ಲ. ಮರುದಿನವೇ ಕ್ಯೂಬಾದಿಂದ ಕ್ಷಿಪಣಿ ವಾಪಸ್ ತರಿಸ್ತೀವಿ ಅಂತ ಕ್ರುಶ್ಚೇವ್ ಸಾರಿದರು. ಆ ಒಂದು ದಿನ ಕಾದದ್ದೇ ನಾಯಕನ ಕೆಲಸ.

ಆದ್ದರಿಂದ ಸ್ವಭಾವದ ಬದಲು, ಯೋಚಿಸಲು ಸಿಗೋ ನಿಮಿಷ ಎಣಿಸಿ. ರಷ್ಯಾದಿಂದ ಅಮೆರಿಕಕ್ಕೆ ಖಂಡಾಂತರ ಕ್ಷಿಪಣಿ ತಲುಪಲು ಸುಮಾರು 30 ನಿಮಿಷ ಬೇಕು. ನಮಗೂ ಪಾಕಿಸ್ತಾನಕ್ಕೂ ನಡುವೆ ಅಷ್ಟೂ ಇಲ್ಲ. 2022ರ ಮಾರ್ಚ್ 9ರಂದು ಭಾರತದ ಬ್ರಹ್ಮೋಸ್ ಕ್ಷಿಪಣಿಯೊಂದು ಕೈತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ತಿರ ಬಿತ್ತು. ಸಿಡಿತಲೆ ಇರಲಿಲ್ಲ, ಪುಣ್ಯ. ಭಾರತ ಬಹಿರಂಗವಾಗಿ ವಿವರಣೆ ಕೊಟ್ಟದ್ದು 11ಕ್ಕೆ.

ಶೇಕಡಾ ಬೇಕೇ ಬೇಕು ಅಂದರೆ ಒಂದು ವರ್ಷದ್ದನ್ನು ಕೇಳಬೇಡಿ. ವರ್ಷಕ್ಕೆ ನೂರಕ್ಕೆ 1 ಅಂತ ಇಟ್ಟುಕೊಳ್ಳಿ (ಇದು ಉದಾಹರಣೆ ಮಾತ್ರ). ಆಗದಿರೋ ಸಾಧ್ಯತೆ ವರ್ಷಕ್ಕೆ 0.99; 40 ವರ್ಷಕ್ಕೆ 0.99ನ್ನು 40 ಸಲ ಗುಣಿಸಿದರೆ 0.67. ಅಂದರೆ 40 ವರ್ಷದೊಳಗೆ ಒಮ್ಮೆಯಾದರೂ ಆಗೋ ಸಾಧ್ಯತೆ ನೂರಕ್ಕೆ 33.

ಇನ್ನು ಭಾಷಣ ಕೇಳೋದು ಬಿಟ್ಟು ಒಪ್ಪಂದ ಓದಿ. ಕ್ಷಿಪಣಿ ಪರೀಕ್ಷೆಗೆ ಮುಂಚೆ ತಿಳಿಸಬೇಕು ಅನ್ನೋ 2005ರ ಭಾರತ-ಪಾಕ್ ಒಪ್ಪಂದ ಬ್ಯಾಲಿಸ್ಟಿಕ್ ಕ್ಷಿಪಣಿಗಷ್ಟೇ (ಮೇಲಕ್ಕೆ ಹಾರಿ ಬಾಗಿ ಬೀಳೋ ಬಗೆ) ಸೀಮಿತ. ಬ್ರಹ್ಮೋಸ್‌ನಂಥ, ವಿಮಾನದ ಹಾಗೆ ಹಾರೋ ಕ್ರೂಸ್ ಕ್ಷಿಪಣಿ ಅದರಲ್ಲಿ ಇಲ್ಲವೇ ಇಲ್ಲ.