ದುಬೈನಲ್ಲಿ ರಾಜೀನಾಮೆ ಬರೆಯಿರಿ ಅಂದರೆ ಏನು ಮಾಡಬೇಕು

ಜಮಖಂಡಿಯ ತಮ್ಮನಿಗೆ ನಮಸ್ಕಾರ. ದುಬೈನಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ, ಊಟ, ಬಾಡಿಗೆ, ಬಿಸಿಲು ಹೇಗೆ ಅಂತ ಕೇಳಿದ್ದೀರಿ. ಕೊನೆಗೆ, ನಿಮ್ಮ ಓಣಿಯವರೊಬ್ಬರ ಹತ್ತಿರ ಇಲ್ಲಿನ ಕಂಪನಿ ಒತ್ತಾಯದಿಂದ ರಾಜೀನಾಮೆ ಬರೆಸಿಕೊಂಡು ಬಾಕಿ ಕೊಡದೆ ಕಳಿಸಿತು, ನನಗೂ ಹಾಗಾದರೆ ಏನು ಗತಿ ಅಂತ ಕೇಳಿದ್ದೀರಿ.

ಜೋಳದ ಹಿಟ್ಟು ಸಿಗುತ್ತದೆ. ಬಾಡಿಗೆ ಶಾರ್ಜಾದಲ್ಲಿ ಕಡಿಮೆ, ಆದರೆ ಅಲ್ಲಿಂದ ದುಬೈಗೆ ಓಡಾಡುವ ಟ್ರಾಫಿಕ್ ಜೀವ ಹಿಂಡುತ್ತದೆ. ವಿಜಯಪುರದ ಬಿಸಿಲು ಕಂಡ ನನಗೂ ಇಲ್ಲಿನ ಸೆಕೆ ಕಷ್ಟವೇ. ಇದೆಲ್ಲ ರೂಢಿಯಾಗುತ್ತದೆ. ನಿಮ್ಮ ಕೊನೆಯ ಪ್ರಶ್ನೆಯೇ ಮುಖ್ಯ.

ಕಂಪನಿಗಳು ರಾಜೀನಾಮೆಯನ್ನೇ ಯಾಕೆ ಕೇಳುತ್ತವೆ ಗೊತ್ತಾ? ಅವರೇ ತೆಗೆದರೆ ನೋಟಿಸ್ ಕೊಡಬೇಕು, ಇಲ್ಲವೇ ಆ ಅವಧಿಯ ಸಂಬಳ ಕೊಡಬೇಕು. ಕರಾರಿನ ಪ್ರಕಾರ ಅದು 30ರಿಂದ 90 ದಿನ. ನೀವೇ ಬಿಟ್ಟಿರಿ ಅಂತ ಕಾಗದದಲ್ಲಿ ಬಂದರೆ ನೋಟಿಸ್ ಕೊಡುವ ಭಾರ ನಿಮ್ಮ ಮೇಲೆ ಬೀಳುತ್ತದೆ. "ಬರೆಯದಿದ್ದರೆ ವೀಸಾ ಕೆಡಿಸುತ್ತೇವೆ" ಅಂತ ಹೆದರಿಸುವುದು ಇದಕ್ಕೇ. ಆಗ ಬರೆಯಬೇಡಿ. "ತೆಗೆಯುವುದಾದರೆ ನೀವೇ ಲಿಖಿತವಾಗಿ ಕೊಡಿ" ಅಂತ ಇಮೇಲ್‌ನಲ್ಲಿ ಕೇಳಿ. ಸಿಟ್ಟು ಬಂತು ಅಂತ ಆಫೀಸಿಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಕಾರಣವಿಲ್ಲದೆ ಸತತ 7 ದಿನಕ್ಕಿಂತ ಹೆಚ್ಚು ಗೈರಾದರೆ ನೋಟಿಸ್ ಇಲ್ಲದೆ ತೆಗೆಯಲು ನೀವೇ ದಾರಿ ಮಾಡಿಕೊಟ್ಟಂತೆ.

ಅಕಸ್ಮಾತ್ ಸಹಿ ಹಾಕಿಬಿಟ್ಟರೂ ಎಲ್ಲ ಮುಗಿಯಲಿಲ್ಲ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಇಲ್ಲಿನ ಕಾರ್ಮಿಕ ಕಾನೂನಿನಲ್ಲಿ ರಾಜೀನಾಮೆ ಕೊಟ್ಟವರ ಗ್ರಾಚುಯಿಟಿ, ಅಂದರೆ ದುಡಿದ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಕಂಪನಿ ಕೊಡುವ ಹಣ, ಕಡಿತವಾಗುವುದಿಲ್ಲ. ಒಂದು ವರ್ಷ ತುಂಬಿದ್ದರೆ ಸಾಕು. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನದ್ದು. ಬಳಸದ ರಜೆಯ ಹಣ, ದುಡಿದ ದಿನಗಳ ಸಂಬಳ ಬೇರೆ. ಕೆಲಸ ಮುಗಿದ 14 ದಿನದೊಳಗೆ ಇದೆಲ್ಲ ಕೈಗೆ ಬರಬೇಕು.

ಬೇಸಿಕ್ ಅನ್ನುವ ಪದ ನೋಡಿದಿರಲ್ಲ, ನಮ್ಮ ಹುಡುಗರು ಮೋಸ ಹೋಗುವುದು ಅಲ್ಲೇ. ತಿಂಗಳಿಗೆ 5,000 ದಿರ್ಹಮ್ ಅಂತ ಖುಷಿಪಟ್ಟು ಬರುತ್ತಾರೆ, ಒಳಗೆ ಬೇಸಿಕ್ 2,000 ಇರುತ್ತದೆ, ಉಳಿದದ್ದು ಭತ್ಯೆ. ಮೂರು ವರ್ಷಕ್ಕೆ ಗ್ರಾಚುಯಿಟಿ 4,200 ಆಗುತ್ತದೆ. ಬೇಸಿಕ್ 4,000 ಇದ್ದಿದ್ದರೆ 8,400 ಬರುತ್ತಿತ್ತು.

ಇನ್ನೊಂದು ಕಾಗದದ ಬಗ್ಗೆ ತುಂಬಾ ಎಚ್ಚರ ಇರಲಿ. ವೀಸಾ ರದ್ದು ಮಾಡುವಾಗ "ನನ್ನ ಬಾಕಿಯೆಲ್ಲ ಬಂದಿದೆ" ಅಂತ ಬರೆದ ಹಾಳೆಗೆ ಸಹಿ ಕೇಳುತ್ತಾರೆ. "ಹಣ ನಾಳೆ ಹಾಕುತ್ತೇವೆ, ಸುಮ್ನೆ ಸಹಿ ಹಾಕಿ" ಅನ್ನುತ್ತಾರೆ. ಇಂಡಿ ಕಡೆಯ ಹುಡುಗನೊಬ್ಬ ಈ ಮಾತು ನಂಬಿ ವಿಮಾನ ಹತ್ತಿದ. ಆ ನಾಳೆ ಬರಲೇ ಇಲ್ಲ. ಮನೆಯಲ್ಲಿ ಅವನ ಹೆಸರಿನ ಸಾಲ ಹಾಗೇ ಇತ್ತು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಣ ಬ್ಯಾಂಕಿಗೆ ಬಿದ್ದ ಮೇಲಷ್ಟೇ ಸಹಿ.

ಕೊಡದಿದ್ದರೆ ಇಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಿ. ಆ್ಯಪ್‌ನಲ್ಲೂ ಕೊಡಬಹುದು, 80084ಕ್ಕೂ ಕರೆ ಮಾಡಬಹುದು. 2024ರಿಂದ 50,000 ದಿರ್ಹಮ್‌ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸಬಹುದು. ಅದಕ್ಕಿಂತ ಹೆಚ್ಚಿನದು ಕೋರ್ಟಿಗೆ ಹೋಗುತ್ತದೆ, 1 ಲಕ್ಷ ದಿರ್ಹಮ್‌ವರೆಗಿನ ಕೇಸಿಗೆ ಕೋರ್ಟ್ ಫೀ ಇಲ್ಲ. ಕೆಲಸ ಮುಗಿದ ದಿನದಿಂದ 2 ವರ್ಷದೊಳಗೆ ಹಕ್ಕು ಕೇಳಬೇಕು. ನಿಮ್ಮ ಓಣಿಯವರಿಗೆ ಇದನ್ನು ಇವತ್ತೇ ಹೇಳಿ, ಅವಧಿ ಇನ್ನೂ ಉಳಿದಿರಬಹುದು. ಕಾನೂನು ಸಲಹೆಗೆ ದುಬೈನ ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ. ದುಬೈನ ಡಿಐಎಫ್‌ಸಿ ಮತ್ತು ಅಬುಧಾಬಿಯ ಎಡಿಜಿಎಂ ಅನ್ನುವ ಹಣಕಾಸು ವಲಯಗಳಿಗೆ ಮಾತ್ರ ಬೇರೆ ಕಾನೂನು, ನಿಮ್ಮ ಕಂಪನಿ ಎಲ್ಲಿದೆ ನೋಡಿಕೊಳ್ಳಿ.

ಆಫರ್ ಲೆಟರ್, ಕರಾರು, ಸಂಬಳದ ಸ್ಲಿಪ್ ಎಲ್ಲದರ ಪ್ರತಿ ನಿಮ್ಮ ಸ್ವಂತ ಇಮೇಲ್‌ನಲ್ಲಿ ಇರಲಿ. ಕಂಪನಿಯ ಇಮೇಲ್ ಒಂದೇ ದಿನದಲ್ಲಿ ಬಂದ್ ಆಗುತ್ತದೆ. ನಿಮ್ಮ ಆಫರ್ ಲೆಟರ್‌ನಲ್ಲಿ ಬೇಸಿಕ್ ಎಷ್ಟಿದೆ, ನೋಟಿಸ್ ಎಷ್ಟು ದಿನ? ಸಹಿ ಹಾಕುವ ಮುಂಚೆ ಅದನ್ನು ನನಗೆ ಬರೆಯಿರಿ.