ಹೊಸ ಔಷಧದ ಸುದ್ದಿ ನಂಬಿ ಅಕ್ಕನ ಕರೆಂಟ್ ನಿಲ್ಲಿಸಬಹುದೇ?

(ಅಕ್ಕಲಕೋಟ ತಾಲೂಕಿನ ಓದುಗರೊಬ್ಬರ ಪತ್ರದ ಸಾರ: ಅಕ್ಕನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್, ಎರಡನೇ ಹಂತ. ಸೋಲಾಪುರದಲ್ಲಿ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡುತ್ತಿದ್ದಾರೆ, ವಾರಕ್ಕೊಮ್ಮೆ ಸಲೈನ್‌ನಲ್ಲಿ ಔಷಧ. ವಾಂತಿ, ಸುಸ್ತು ಜಾಸ್ತಿ. ಕ್ಯಾನ್ಸರ್ ಕೋಶಕ್ಕೆ ಸಂದೇಶ ಹೋಗುವ ದಾರಿಯನ್ನೇ ಮುಚ್ಚಿ, ಎರಡು ದಿನದಲ್ಲಿ ಅದನ್ನು ಸಾಯಿಸುವ ಹೊಸ ಔಷಧ ಸಿಕ್ಕಿದೆ ಎಂದು ಅಕ್ಕನ ಮಗ ಮೊಬೈಲ್‌ನಲ್ಲಿ ಓದಿದ್ದಾನೆ. ಕರೆಂಟ್ ನಿಲ್ಲಿಸಿ ಅದಕ್ಕೆ ಕಾಯಬಹುದೇ? ಅದನ್ನು ಎಲ್ಲಿಂದ ತರಿಸಬೇಕು?)

ಆತ್ಮೀಯರೇ,

ಮೊದಲು ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ನಿಲ್ಲಿಸಬೇಡಿ. ಈ ಕಾಯಿಲೆಯಲ್ಲಿ ಮೈ ಹೊರಗಿನಿಂದ ಕೊಡುವ ಕರೆಂಟ್, ಗಡ್ಡೆಯ ಹತ್ತಿರ ಒಳಗಿಟ್ಟು ಕೊಡುವ ಕರೆಂಟ್ ಎರಡೂ ಸೇರಿ ಸುಮಾರು 8 ವಾರದೊಳಗೆ ಮುಗಿಯಬೇಕು. ನಡುವೆ ಬಿಟ್ಟು ಎಳೆದಷ್ಟೂ ವಾಸಿಯಾಗುವ ಸಾಧ್ಯತೆ ಇಳಿಯುತ್ತದೆ. ಸಲೈನ್‌ನಲ್ಲಿ ಹೋಗುತ್ತಿರುವುದು ಬಹುಶಃ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ. ಬರೀ ಕರೆಂಟ್‌ಗಿಂತ ಇದನ್ನೂ ಜೊತೆಗೆ ಕೊಟ್ಟಾಗ ಹೆಚ್ಚು ಹೆಂಗಸರು ಬದುಕುತ್ತಾರೆ ಎಂಬುದು 1999ರಲ್ಲೇ ಗಟ್ಟಿಯಾಯಿತು. ವಾಂತಿಗೆ ಒಳ್ಳೆಯ ಮಾತ್ರೆಗಳಿವೆ. ಅಕ್ಕ ಸುಮ್ನೆ ಸಹಿಸಿಕೊಳ್ಳುವುದು ಬೇಡ, ಡಾಕ್ಟರಿಗೆ ಹೇಳಲಿ.

ಹುಡುಗ ಓದಿದ್ದು ಸುಳ್ಳು ಅಂತಲ್ಲ. ಈ ಕ್ಯಾನ್ಸರ್ ಬರುವುದು ಎಚ್‌ಪಿವಿ ಎಂಬ ವೈರಸ್‌ನಿಂದ. ಅದರಲ್ಲಿ 16 ಮತ್ತು 18ನೇ ಜಾತಿಗಳೇ ಸುಮಾರು 70 ಶೇಕಡಾ ರೋಗಕ್ಕೆ ಕಾರಣ. ವೈರಸ್ ತನ್ನ ಇ6, ಇ7 ಎಂಬ ಎರಡು ಪ್ರೋಟೀನ್‌ಗಳಿಂದ ನಮ್ಮ ಕೋಶದ ಕಾವಲನ್ನು ಮುರಿಯುತ್ತದೆ. ಕೆಟ್ಟ ಕೋಶವನ್ನು ತಡೆಯುವ ಪಿ53 ಎಂಬ ಪ್ರೋಟೀನನ್ನು ಇ6 ನಾಶ ಮಾಡುತ್ತದೆ. ಆಮೇಲೆ ಕೋಶದೊಳಗೆ 'ಬೆಳೆ, ಇಬ್ಭಾಗವಾಗು' ಎಂಬ ಸಂದೇಶಗಳಿಗೆ ತಡೆಯೇ ಇರುವುದಿಲ್ಲ. ಅಂಥ ಸಂದೇಶದ ದಾರಿಗಳಲ್ಲಿ ಒಂದು ಪಿಐ3ಕೆ. ಅದಕ್ಕೆ ಸಂಬಂಧಿಸಿದ ಜೀನ್ ಈ ಗಡ್ಡೆಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಕೆಟ್ಟಿರುತ್ತದೆ. ಹಾಗಾಗಿ ಅದನ್ನು ಮುಚ್ಚುವ ರಾಸಾಯನಿಕಗಳನ್ನು ವಿಜ್ಞಾನಿಗಳು ಹುಡುಕುತ್ತಿರುವುದು ಸರಿಯಾದ ಕೆಲಸವೇ.

ಆದರೆ ಆ 'ಎರಡು ದಿನದಲ್ಲಿ ಸತ್ತ' ಕೋಶಗಳು ಎಲ್ಲಿದ್ದವು? ಇಂಥ ಪ್ರಯೋಗ ಸಾಮಾನ್ಯವಾಗಿ ನಡೆಯುವುದು ಹೀಲಾ ಕೋಶಗಳ ಮೇಲೆ. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯ ಇದೇ ಕ್ಯಾನ್ಸರಿನಿಂದ ತೆಗೆದ ಕೋಶಗಳವು. ಅವರನ್ನು ಕೇಳದೆಯೇ ತೆಗೆದರು. ಇವತ್ತಿಗೂ ಲ್ಯಾಬ್‌ಗಳಲ್ಲಿ ಬೆಳೆಯುತ್ತಿವೆ. ತಟ್ಟೆಯಲ್ಲಿರುವ ಕೋಶದ ಮೇಲೆ ಔಷಧ ನೇರವಾಗಿ ಬೀಳುತ್ತದೆ. ಅಲ್ಲಿ ಲಿವರ್ ಇಲ್ಲ, ಕಿಡ್ನಿ ಇಲ್ಲ, ಕಾಪಾಡಬೇಕಾದ ಒಳ್ಳೆಯ ಕೋಶಗಳೂ ಇಲ್ಲ. ನಮ್ಮ ಅಡುಗೆಮನೆಯ ಅರಿಸಿನದ ಕರ್ಕ್ಯುಮಿನ್ ಕೂಡ ಅಲ್ಲಿ ಈ ಕೋಶಗಳನ್ನು ಕೊಲ್ಲುತ್ತದೆ. ತಿಂದರೆ ಮಾತ್ರ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಇನ್ನೊಂದು ತೊಡಕಿದೆ. ಕಬ್ಬಿನ ಹೊಲದಲ್ಲಿ ಒಂದು ಕಡೆ ನೀರು ಕಟ್ಟಿದರೆ ಅದು ಮತ್ತೊಂದು ಕಡೆ ಒಡೆದು ಹರಿಯುತ್ತದೆ, ಅಲ್ವಾ? ಕ್ಯಾನ್ಸರ್ ಕೋಶವೂ ಒಂದು ದಾರಿ ಮುಚ್ಚಿದರೆ ಬೇರೆ ದಾರಿ ಹಿಡಿಯುತ್ತದೆ. ತಟ್ಟೆಯಲ್ಲಿ ಗೆದ್ದ ಎಷ್ಟೋ ರಾಸಾಯನಿಕಗಳು ರೋಗಿಯ ಮೈಯಲ್ಲಿ ಸೋತಿವೆ.

ಗೆದ್ದದ್ದೂ ಇದೆ. ಗಡ್ಡೆಗೆ ಹೊಸ ರಕ್ತನಾಳ ಬೆಳೆಸುವ ಸಂದೇಶವನ್ನು ಬೆವಾಸಿಜುಮ್ಯಾಬ್ ಎಂಬ ಔಷಧ ತಡೆಯುತ್ತದೆ. ಹರಡಿದ ಅಥವಾ ಮರಳಿ ಬಂದ ಕಾಯಿಲೆಯವರಿಗೆ ಕೀಮೋ ಜೊತೆ ಇದನ್ನು ಕೊಟ್ಟಾಗ ಆಯುಷ್ಯದ ನಡುಮಟ್ಟ 13.3 ತಿಂಗಳಿಂದ 17ಕ್ಕೆ ಏರಿತು. 2014ರಲ್ಲಿ ಅಮೆರಿಕದಲ್ಲಿ ಈ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಸುಮಾರು ನಾಲ್ಕು ತಿಂಗಳು ಆ ಮನೆಯವರಿಗೆ ಸಣ್ಣದಲ್ಲ. ಆದರೆ ನಿಮ್ಮ ಅಕ್ಕನಿಗೆ ಈಗ ಸಿಗುತ್ತಿರುವುದು ಪೂರ್ತಿ ವಾಸಿ ಮಾಡುವ ಉದ್ದೇಶದ ಚಿಕಿತ್ಸೆ. ಅದನ್ನು ಬಿಡಬೇಡಿ.

ನಿಮ್ಮ ಹೆಂಡತಿಗೂ ಒಂದು ಮಾತು. ನಮ್ಮ ಪಕ್ಕದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನ ಸುಮಾರು 1.3 ಲಕ್ಷ ಹೆಂಗಸರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 2009ರಲ್ಲಿ ಅದು ಪ್ರಕಟವಾದಾಗ ಇಡೀ ಜಗತ್ತು ಓದಿತು. ನಮ್ಮ ಭಾಗದ ಹಳ್ಳಿಯ ಹೆಂಗಸರು ಕೊಟ್ಟ ಈ ತಿಳಿವಳಿಕೆ ನಮ್ಮ ಮನೆಗಳಿಗೇ ತಲುಪಿಲ್ಲ ಎಂಬುದು ನನಗೆ ನಿಜಕ್ಕೂ ಸಂಕಟ. ನಿಮ್ಮ ಹೆಂಡತಿಯನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ 9ರಿಂದ 14ರ ಹುಡುಗಿಯರಿದ್ದರೆ ಎಚ್‌ಪಿವಿ ಲಸಿಕೆ ಕೊಡಿಸಿ.

ಆ ಔಷಧ ತರಿಸುವ ವಿಳಾಸ ಕೇಳಿದ್ದೀರಿ. ಲ್ಯಾಬ್‌ನಲ್ಲಿರುವ ವಸ್ತು ಅಂಗಡಿಯಲ್ಲಿ ಸಿಗುವುದಿಲ್ಲ. ಜನರ ಮೇಲಿನ ಪ್ರಯೋಗವಾದರೆ ಸಿಟಿಆರ್‌ಐ ಎಂಬ ದೇಶದ ನೋಂದಣಿಯಲ್ಲಿ ಇರಲೇಬೇಕು, ರೋಗಿಯ ಲಿಖಿತ ಒಪ್ಪಿಗೆ ಬೇಕು, ಪ್ರಯೋಗದ ಔಷಧಕ್ಕೆ ರೋಗಿಯಿಂದ ದುಡ್ಡು ಕೇಳಬಾರದು. ಯಾರಾದರೂ ಮುಂಗಡ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸಂಪಾದಕ