ಪ್ಲೇ ಸ್ಟೋರ್‌ನಲ್ಲಿಲ್ಲದ ವಿಡಿಯೊ ಡೌನ್‌ಲೋಡ್ ಆ್ಯಪ್‌ಗೆ ಆಕ್ಸೆಸಿಬಿಲಿಟಿ ಅನುಮತಿ ಕೊಡಲು ಫೋನ್ ಬಿಡ್ತಿಲ್ಲ, ಏನು ಮಾಡಲಿ? ಆ್ಯಂಟಿವೈರಸ್ ಇದೆ.

ಬಿಡದೇ ಇದ್ದದ್ದೇ ಒಳ್ಳೆಯದಾಯಿತು. ನನ್ನ ಫೋನೂ ಬಿಟ್ಟಿರಲಿಲ್ಲ, ನಾನೇ ಹಟ ಹಿಡಿದು ದಾಟಿಸಿದ್ದೆ.

ಎಪಿಕೆ, ಅಂದರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಇಳಿಸಿದ ಆ್ಯಪ್ ಫೈಲ್, ಹಾಕಿಕೊಂಡಿದ್ದು ಅರ್ಧ ತಪ್ಪು ಅಷ್ಟೆ. ವಿಶೇಷ ಅನುಮತಿ ಕೊಡದಿದ್ದರೆ ಬೇರೆ ಆ್ಯಪ್‌ನ ಒಳಗಿನ ಡೇಟಾಗೆ ಅದು ಸುಲಭವಾಗಿ ಕೈ ಹಾಕಲಾರದು. ಜಾಹೀರಾತು ತೋರಿಸುತ್ತೆ, ಡೇಟಾ, ಬ್ಯಾಟರಿ ತಿನ್ನುತ್ತೆ. ಪೂರ್ತಿ ತಪ್ಪಾಗಿದ್ದು ಮೂರು ಚುಕ್ಕಿಯಲ್ಲಿ. ಹೊರಗಿನಿಂದ ಹಾಕಿದ ಆ್ಯಪ್‌ಗೆ ಆಕ್ಸೆಸಿಬಿಲಿಟಿ ಸಿಗದಂತೆ 2022ರ ಆಂಡ್ರಾಯ್ಡ್ 13ರಲ್ಲಿ ‘ರಿಸ್ಟ್ರಿಕ್ಟೆಡ್ ಸೆಟ್ಟಿಂಗ್’ ಅನ್ನೋ ಅಡ್ಡಗಟ್ಟೆ ಬಂತು. ಆ್ಯಪ್ ಇನ್ಫೋಗೆ ಹೋಗಿ, ಮೇಲಿನ ಮೂರು ಚುಕ್ಕಿ ಒತ್ತಿ ‘ಅಲೌ’ ಅನ್ನಿ ಅಂತ ಆ್ಯಪೇ ಬಾಣ ಹಾಕಿ ಚಿತ್ರ ತೋರಿಸಿತು. ಒತ್ತಿದೆ.

ಈಗ ಯೋಚಿಸಿ. ವಿಡಿಯೊ ಇಳಿಸಲು ಬೇಕಾಗೋದು ಇಂಟರ್ನೆಟ್, ಫೈಲ್ ಇಡಲು ಜಾಗ. ಬೇರೆ ಆ್ಯಪ್‌ಗಳ ಮೇಲೆ ತೇಲೋ ಡೌನ್‌ಲೋಡ್ ಬಟನ್‌ಗೂ ‘ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್’ ಅನುಮತಿ ಸಾಕು. ಆಕ್ಸೆಸಿಬಿಲಿಟಿ ಇರೋದು ಕಣ್ಣು ಕಾಣದವರಿಗೆ ಪರದೆ ಓದಿ ಹೇಳೋಕೆ, ಅವರ ಪರವಾಗಿ ಬಟನ್ ಒತ್ತೋಕೆ. ಅದನ್ನು ಕಳ್ಳನಿಗೆ ಕೊಟ್ಟರೆ ಅವನೂ ಓದ್ತಾನೆ, ಒತ್ತುತ್ತಾನೆ. ಓಟಿಪಿ ಓದೋಕೆ ಎಸ್‌ಎಂಎಸ್ ಅನುಮತಿಯೇ ಬೇಕಿಲ್ಲ, ಪರದೆ ಮೇಲೆ ಬಂದರಾಯ್ತು. ನಾನು ಅನ್‌ಇನ್‌ಸ್ಟಾಲ್ ಒತ್ತಿದಾಗೆಲ್ಲ ಪುಟ ತಾನಾಗೇ ಹಿಂದಕ್ಕೆ ಹೋಗ್ತಿತ್ತು. ನನ್ನ ಬದಲು ಅದೇ ‘ಬ್ಯಾಕ್’ ಒತ್ತುತ್ತಿತ್ತು!

ಆ್ಯಂಟಿವೈರಸ್ ನಂಬಬೇಡಿ. ಅದೂ ಒಂದು ಮಾಮೂಲಿ ಆ್ಯಪ್, ಇನ್ನೊಂದರ ಹೊಟ್ಟೆಯೊಳಗೆ ಇಣುಕಲಾರದು. ಇನ್‌ಸ್ಟಾಲ್ ಆಗುವಾಗ ಶುದ್ಧವಾಗಿದ್ದದ್ದು ಆಮೇಲೆ ಸರ್ವರ್‌ನಿಂದ ಕೆಟ್ಟ ಕೋಡ್ ತರಿಸಿಕೊಳ್ಳಬಹುದು. ಪ್ಲೇ ಸ್ಟೋರ್‌ನಲ್ಲೇ ಇದ್ದ, ಕಾಗದ ಸ್ಕ್ಯಾನ್ ಮಾಡೋ ಕ್ಯಾಮ್‌ಸ್ಕ್ಯಾನರ್ ಆ್ಯಪ್‌ನಲ್ಲಿ 2019ರಲ್ಲಿ ಆ್ಯಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯವರು ಹಿಡಿದದ್ದು ಇಂಥದ್ದನ್ನೇ, ಜಾಹೀರಾತು ತೋರಿಸೋ ಕೋಡ್ ಲೈಬ್ರರಿಯೊಳಗೆ.

ನಿಜ ಹೇಳಬೇಕೆಂದರೆ ‘ಯಾವ ಆ್ಯಪ್ ಸೇಫ್’ ಅನ್ನೋ ಪ್ರಶ್ನೆಯೇ ಬೇಡ. ಭಾರತದಲ್ಲಿ ಯೂಟ್ಯೂಬ್ 2014ರಿಂದಲೇ ಸಾಕಷ್ಟು ವಿಡಿಯೊಗಳನ್ನು ಪುಕ್ಕಟೆ ಆಫ್‌ಲೈನ್ ಇಡಲು ಬಿಟ್ಟಿದೆ. ಬಸ್ಸಿನಲ್ಲಿ ನೋಡೋಕೆ ಅಷ್ಟು ಸಾಕಲ್ಲ?

ಈಗಾಗಲೇ ‘ಅಲೌ’ ಒತ್ತಿದ್ದರೆ ಮೊದಲು ಡೇಟಾ, ವೈಫೈ ಎರಡೂ ಆಫ್. ಪವರ್ ಮೆನುವಿನ ‘ಪವರ್ ಆಫ್’ ಮೇಲೆ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಸೇಫ್ ಮೋಡ್ ಕೇಳುತ್ತೆ. ಅದರಲ್ಲಿ ನೀವು ಹಾಕಿದ ಆ್ಯಪ್‌ಗಳು ಓಡಲ್ಲ. ಅಲ್ಲಿ ಆಕ್ಸೆಸಿಬಿಲಿಟಿ, ನೋಟಿಫಿಕೇಶನ್ ಆ್ಯಕ್ಸೆಸ್, ಡಿವೈಸ್ ಅಡ್ಮಿನ್ ಮೂರರಲ್ಲೂ ಅದರ ಟಿಕ್ ತೆಗೆದು, ಆಮೇಲೆ ಅನ್‌ಇನ್‌ಸ್ಟಾಲ್. ಅಡ್ಮಿನ್ ಟಿಕ್ ಉಳಿದಿದ್ದರೆ ಆ ಆ್ಯಪ್ ಹೋಗಲ್ಲ. ಗೂಗಲ್ ಪಾಸ್‌ವರ್ಡ್, ಯುಪಿಐ ಪಿನ್ ಬದಲಿಸಿ, ಆದರೆ ಪಾಸ್‌ವರ್ಡನ್ನು ಇನ್ನೊಂದು ಫೋನಿನಿಂದ. ದುಡ್ಡು ಹೋಗಿದ್ದರೆ ಇದೆಲ್ಲ ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.